ಧೂಳಿನ ಡಬ್ಬಿಗೊಂದು ಅಂಗಿ

...ಕೆಟ್ಟದ ಅಂದೆನಲ್ಲ ಐಶು, ಆ ಡಬ್ಬಿ ಕೆಟ್ಟದ! ಎಷ್ಟ ಸಲ ಹೇಳ್ಲಿ? ನಿಮ್ಮ ಕಾಲೇಜಿನವರು ಬಂದು ನನ್ನ ಕ್ರೂಸರ್ ಕಿಡಕಿ ಬಾಜೂಕ ಸ್ಕ್ರೂ ಹೊಡದು ಹೋದ್ರಿ. "ಮಾವಾ, ಇದು ಗಾಳ್ಯಾಗಿನ ಧೂಳ ಅಳಿತದ, ನೀ ಬರೇ ಗಾಡಿ ಓಡಸು, ಲೆಕ್ಕ ತಾನೇ ನನ್ನ ಮೊಬೈಲಿಗಿ ಬರ್ತದ" ಅಂದಿ. ಓಡಸೀನಿ. ಈ ಹಳೀ ಕೋಟಿ ಅಗಸಿ ಮುಂದಿಂದ ಕಮಲಾಪುರಕ, ಕಮಲಾಪುರದಿಂದ ಹೊಳ್ಳಿ ಕೋಟಿ ಮುಂದಕ. ಇನ್ನೇನ್ ಬೇಕು ನಿನಗ?

ಏ ಶಫಿ! ಆ ಹೆಣ್ಮಕ್ಕಳಿಗಿ ನಿನ್ನ ಗಾಡ್ಯಾಗ ಕೂಡಸ್ಕೋ. ನಂದು ಈಗ ಹೋಗಂಗಿಲ್ಲ. ಕಾಣವಲ್ದೇನು, ನನ್ನ ಒಡಹುಟ್ಟಿದ ಅಕ್ಕನ ಮಗಳು ಸ್ಟ್ಯಾಂಡಿನ್ಯಾಗ ನಿಂತು ಮಾವನ ಪಂಚನಾಮಾ ಮಾಡಾಕತ್ತಾಳ!

ಮೊಬೈಲ್ ಯಾಕ ಮುಖಕ್ಕ ಹಿಡಿತಿ? ಸರಸು. ನೋಡ್ದೆ, ನೋಡ್ದೆ... ರೋಡಿನ ನಕ್ಷಾ. ಕೆಂಪು, ಕೆಂಪು, ಕೆಂಪು, ಕಲ್ಲ ಒಡಿಯೋ ಖಡಿ ಮಷಿನ್ ಬಂದಲ್ಲಿ ಹಸರು. ಅಂದ್ರ ಅಲ್ಲಿ ಧೂಳಿಲ್ಲ. ಛಲೋ ಆತಲ್ಲ! ಏನು? ಶಫಿ ಗಾಡಿ ಡಬ್ಬಿ ಅದೇ ಜಾಗಾದಾಗ ಕಡುಗೆಂಪು ತೋರಸ್ತದ? ಉಳಿದ ಗಾಡಿ ಎಲ್ಲಾ ಒಂದ್ ಹೇಳ್ತಾವ, ನಂದೊಂದೇ ಬ್ಯಾರೆ ಹೇಳ್ತದ? ಹಂಗಾದ್ರ ನಂದು ಕೆಟ್ಟದ! ಅದನ್ನೇ ನಾ ಒದರಾಕತ್ತೀನಿ.

ಯಾಕ ನಗ್ತಿ?

ನಗಬ್ಯಾಡ ಐಶು, ಮೈ ಉರಿತದ ನನಗ. "ಕೋಟಿ ಮುಂದ ಬರೋಬ್ಬರಿ, ಊರ ಹೊರಗ ಬರೋಬ್ಬರಿ, ಖಡಿ ಮಷಿನ್ ದಾಟಿದ ಮ್ಯಾಲೂ ಬರೋಬ್ಬರಿ, ನಡುವಷ್ಟೇ ಹ್ಯಾಂಗ ಕೆಡ್ತದ ಮಾವಾ..." ಬಾಯಿಲೆ ಅನ್ನಲಾರದ ಕಣ್ಣಿಲೆ ಅಂತಿ. ತಿಳೀತದ ನನಗ. ಸಾಲಿ ಕಲ್ತಿಲ್ಲ ಖರೆ, ಕಣ್ಣು ಕಾಣ್ತಾವ.

ಆತು, ಹೇಳ್ತೀನಿ ಕೇಳು. ಏನ್ ಖೂನಿ ಮಾಡಿಲ್ಲ. ನಿಮ್ಮ ಅತ್ತಿ ಚಂದಮ್ಮ ಗೊತ್ತಲ್ಲ ನಿನಗ? ಟಿವಿಗೊಂದು ಅಂಗಿ, ಮಿಕ್ಸರಿಗೊಂದು ಅಂಗಿ, ಫ್ರಿಜ್ ತಲಿ ಮ್ಯಾಲ ಜಾಲರಿ ಹಚ್ಚಿದ ಅರಿವಿ. ರಿಮೋಟಿಗಿ ಸುತ್ತಿ ಬಂದ ಪ್ಲಾಸ್ಟಿಕ್ ಇನ್ನಾ ಬಿಚ್ಚಿಲ್ಲ ಮಾರಾಯ್ತಿ! ಹೊಸ ಸಾಮಾನು ಕಂಡ್ರ ಸಾಕು, ಸೂಜಿ-ದಾರ ತಗೊಂಡು ಕುಂದ್ರತಾಳ. ಡಬ್ಬಿ ನೋಡಿದಳು. "ಅಯ್ಯ, ಇಷ್ಟ ನಾಜೂಕದ, ಧೂಳ ಕುಂತ್ರ ಕೆಡಂಗಿಲ್ಲೇನ್ರಿ?" ಅಂದಳು. ಹಳೀ ಇಳಕಲ್ ಸೀರಿ ಹರದು ಅದಕೂ ಒಂದು ಅಂಗಿ ಹೊಲದಳು. ಧೂಳ ಅಳಿಯೋ ಡಬ್ಬಿಗಿ ಧೂಳ ಕುಂದರಬಾರದಂತ! ಪಾಪ, ಆ ಹೆಣ್ಮಗಳಿಗೇನ್ ಗೊತ್ತು? ನಕ್ಕು ಬಿಟ್ಟಬಿಡು.

ಹಾಂ? ಇಲ್ಲ, ಇಡೀ ದಾರಿ ಹಾಕಂಗಿಲ್ಲ. ಧೂಳ ಇದ್ದಲ್ಲಿ ಅಷ್ಟೇ...

...ಏನಂದೆ ನಾ? ಏನೂ ಅಂದಿಲ್ಲ. ಮಾತಿನ ಭರದಾಗ ಬಂತು. ಮಾವನ ಮಾತ ಹಿಡಿಯೋದಕ್ಕೇ ಬಂದೀಯೇನು? ಉಂಡ ಮನಿ ಗಳ ಎಣಸಬಾರದು ಅಂತಾರ, ನೀ ಎಣಸಾಕತ್ತಿ! ಸಣ್ಣಾಕಿದ್ದಾಗ ನಮ್ಮ ಮನ್ಯಾಗೇ ಬೆಳದಿ, ನನ್ನ ಹೆಗಲ ಮ್ಯಾಲ ಕುಂತು ಊರ ನೋಡಿದಿ. ಈಗ ಖೂಬಾ ಪ್ಲಾಟ್ ಓಣ್ಯಾಗ ರೂಮ್ ಮಾಡಿದ ಮ್ಯಾಲ ಮಾವ ಕಳ್ಳ ಆದ!

ಹೌದು, ನಾಳಿ ಸರಕಾರಿ ಸಾಹೇಬರು ಕಮಲಾಪುರಕ ಬರ್ತಾರ. ನಿಮ್ಮ ನಕ್ಷಾ ನೋಡಿ ಖಡಿ ಮಷಿನ್ ಬಂದ್ ಮಾಡೋದೋ ಬಿಡೋದೋ ಅಂತ ತೀರಸ್ತಾರ. ಗೊತ್ತದ ನನಗ! ಬಂದ್ ಆದ್ರ ನನ್ನ ಮಗಳ ಗತಿ ಏನು? ಮಷಿನ್ ಮಾಲಕ ಅಮರನಾಥ ಅವರ ಮಗ ಸುನೀಲಕುಮಾರಗ ನಮ್ಮ ರಾಜೇಶ್ರೀನ ಗೊತ್ತು ಮಾಡೀವಿ. ಮನ್ಯಾಗ ಬಂದು ಕುಂಕುಮ ಹಚ್ಚಿ, ಉಡಿ ತುಂಬಿ ಹೋಗ್ಯಾರ. ತಮ್ಮ ಮಷಿನ್ ಮುಚ್ಚಿಸಿದವನ ಮಗಳಿಗಿ ಮನಿ ತುಂಬಸ್ಕೋತಾರ ಯಾರರೆ? ನೀ ಹೇಳು!

ಛೇ, ಅಮರನಾಥ ಏನೂ ಕೇಳಿಲ್ಲ. ದೊಡ್ಡ ಮನುಷ್ಯಾ. ಚಾ ಕುಡಕೋತ, "ಬೀಗರ, ನಿಮ್ಮ ಗಾಡಿ ನಮ್ಮ ಮ್ಯಾಲ ಕಣ್ಣಿಟ್ಟದಂತಲ್ಲ" ಅಂದು ನಕ್ಕರು. ಅಷ್ಟೇ. ನನ್ನ ಚಾ ಕಪ್ಪಿನ್ಯಾಗೇ ಆರಿ ಹೋತು.

ಮತ್ತ ನಿಮ್ಮವ್ವನ ಕೆಮ್ಮು ತೆಗದಿ! ಕಸ್ತೂರಿ ನನಗ ಅಕ್ಕ ಆಗಬೇಕು, ನೆಪ್ಪ ಇರ್ಲಿ. ಮಷಿನ್ ಹಿಂದೇ ಮನಿ, ಕೊಡದ ಬಾಯಿಗಿ ಅರಿವಿ ಕಟ್ಟಿದ್ರೂ ನೀರಾಗ ಬೂದಿ ಬಣ್ಣ, ರೊಟ್ಟಿ ಕಡದ್ರ ಹಲ್ಲಾಗ ಕರಕರ. ನಾ ಉಂಡಿಲ್ಲೇನು ಅಲ್ಲಿ? ರಾತ್ರಿ ಕುಂತೇ ನಿದ್ದಿ ಮಾಡ್ತಾಳಂತ, ಅದೂ ಗೊತ್ತದ. ನನ್ನ ಮನಿಗಿ ಬಾರವ್ವ ಅಂದೀನಿ. "ನನ್ನ ಮನಿ ನಾ ಯಾಕ ಬಿಡ್ಲಿ" ಅಂದಳು. ನಾ ಏನ್ ಮಾಡ್ಲಿ? ಹೊತ್ಕೊಂಡ್ ಬರ್ಲಿ? ಕೆಮ್ಮು ಯಾರಿಗಿ ಬರಂಗಿಲ್ಲ?

ಹಂಗ ನೋಡಬ್ಯಾಡ ನನಗ. ಹಂಗ ನೋಡಬ್ಯಾಡ ಅಂದೆ!

ಹೌದು, ಹಾಕೀನಿ! ಖಡಿ ಮಷಿನ್ ಬಂತಂದ್ರ ಕಿಡಕ್ಯಾಗ ಕೈ ಹಾಕಿ ಅಂಗಿ ಎಳೀತೀನಿ, ದಾಟಿದ ಮ್ಯಾಲ ತೆಗೀತೀನಿ. ಏನೀಗ? ಸಾಹೇಬರ ಮುಂದ ಹೇಳ್ತಿ? ಹೇಳು! ಡಬ್ಬಿಗಿ ಕಣ್ಣದಾವೇನು? ನಾ ಕೈ ಹಾಕಿದ್ದು ನಕ್ಷಾದಾಗ ಕಾಣ್ತದೇನು? ಯಾರ ನೋಡ್ಯಾರ? ಸಾಕ್ಷಿ ತಾ!

...ಅದಾವ? ಸಾಕ್ಷಿ ಅದಾವ?

ಯಾರು, ಶಫಿ ಅಂದನೇನು? ಅವನ ಗಾಡಿ ನನಗಿಂತ ಮುಂದೇ ಇರ್ತದ, ಅವಗೇನ್ ಕಾಣ್ತದ? ಹಿಂದಿನ ಸೀಟಿನ ಮಂದಿ ಮೊಬೈಲಿನ್ಯಾಗ ಮುಖ ಇಟ್ಟು ಕುಂತಿರ್ತಾರ. ಮುಂದ ನನ್ನ ಬಾಜೂಕ ಕುಂದ್ರಾಕಿ ಅಂದ್ರ... ದಿನಾ ಮುಂಜಾನಿ ಕಾಲೇಜಿಗಿ ಬರಾಕಿ...

ಇಲ್ಲ. ಅಕಿ ಹೇಳಂಗಿಲ್ಲ. ನೋಡ್ಯಾಳ, ಖರೆ. ನೋಡಿ ಸುಮ್ನ ಹೊರಗ ಮುಖ ತಿರುವ್ಯಾಳ. "ಅಪ್ಪಾ, ಅದೇನು?" ಅಂತ ಒಂದಿನ ಕೇಳಿಲ್ಲ. ತನ್ನ ಸಂಸಾರಕ್ಕೇ ತಾನ ಕಲ್ಲ ಹಾಕ್ಕೋತಾಳೇನು? ಅಕಿ ಸಲುವಾಗೇ ಅಲ್ಲೇನು ನಾ ಇಷ್ಟೆಲ್ಲಾ...

ಇಷ್ಟೊತ್ತು ಮೊಬೈಲ್ ತೋರಸಿದ್ಯಲ್ಲ, ಈಗ ಯಾಕ ತಲಿ ತಗ್ಗಿಸಿದಿ? ಬೈಯಿ ನನಗ. ನಗರೆ ನಗು. ಅಲ್ಲ ಅನ್ನು ಐಶು... ಹೇಳಿದಾಕಿ ರಾಜೇಶ್ರೀ ಅಲ್ಲ ಅನ್ನವ್ವ. ಸುಳ್ಳರೆ ಹೇಳು!