ಮಡಿಕೆ ಬಿಚ್ಚದ ಸೀರೆ

ಮೂರು ದಿನದಿಂದ ಇಲ್ಲಿ ಕೂತು ಮೋಹ ಬಿಡಿ, ಮೋಹ ಬಿಡಿ ಎಂದು ಹೇಳುತ್ತಿದ್ದೇನೆ. ನೀವೂ ತಲೆದೂಗುತ್ತಿದ್ದೀರಿ. ನಿನ್ನೆ ಪ್ರಸಾದದ ಹೊತ್ತಿಗೆ ಒಬ್ಬ ತಾಯಿ ಹತ್ತಿರ ಬಂದು ಕೇಳಿದರು: “ಶಾಸ್ತ್ರಿಗಳೇ, ನನಗೆ ಬಂಗಾರದ ಮೇಲೆ ಆಸೆ ಇಲ್ಲ. ಹೊಲಮನೆ ಮೇಲೂ ಇಲ್ಲ. ಆದ್ರೆ ನಮ್ಮತ್ತೆಯ ಬಾಯಿ ಒಡೆದ ಉಪ್ಪಿನಕಾಯಿ ಜಾಡಿ ಎಸೆಯೋಕೆ ಕೈ ಬರ್ತಿಲ್ಲ. ಇದೂ ಮೋಹಾನಾ?”

ನಗಬೇಡಿ. ನಗುವವರ ಅಟ್ಟದ ಮೇಲೆ ಏನೇನಿದೆಯೋ ಯಾರಿಗೆ ಗೊತ್ತು! ಆ ತಾಯಿಗೆ ಉತ್ತರವಾಗಿ ಇವತ್ತು ಒಂದು ಕಥೆ ಹೇಳುತ್ತೇನೆ, ಕೇಳಿ.

ಯಾವುದೋ ಒಂದು ಪೇಟೆ. ಆ ಪೇಟೆಯಲ್ಲಿ ಕೈತುಂಬ ಹಣವುಳ್ಳ ಸಾಹುಕಾರನೊಬ್ಬ. ಅವನ ಹೆಸರು ಕೇಳಬೇಡಿ. ಹೆಸರು ಹೇಳಿದರೆ ನೀವು ಪಕ್ಕದವರ ಮುಖ ನೋಡಲು ಶುರುಮಾಡುತ್ತೀರಿ. ಅಕ್ಕಿ ಗಿರಣಿ ಇತ್ತು, ದೊಡ್ಡ ಮನೆ ಇತ್ತು, ಮದುವೆಯಾಗಿ ಹೋದ ಒಬ್ಬಳೇ ಮಗಳಿದ್ದಳು. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು.

ತೀರಿಕೊಂಡಿದ್ದಳು, ಸರಿ. ಆದರೆ ಅವಳದೊಂದು ಸಾಮಾನೂ ಆ ಮನೆಯಿಂದ ಹೋಗಿರಲಿಲ್ಲ ನೋಡಿ. ಅವಳ ಕನ್ನಡಕ, ಅವಳ ಚಪ್ಪಲಿ, ಅರ್ಧ ಮುಗಿದ ಪೌಡರ್ ಡಬ್ಬಿ, ಅವಳನ್ನು ಉಳಿಸಲಾರದೆ ಹೋದ ಮಾತ್ರೆಗಳ ಪಟ್ಟಿ. ಫ್ರಿಜ್ಜಿನ ಬಾಗಿಲಿಗೆ ಅವಳೇ ಅಂಟಿಸಿದ ಚೀಟಿ: ‘ಹೆಪ್ಪು ಹಾಕೋದು ಮರೀಬೇಡಿ.’ ಯಾರಾದರೂ ಬಂಧುಗಳು ಬಂದು, “ಇದನ್ನೆಲ್ಲ ಒಂದಿಷ್ಟು ತೆಗೆದುಹಾಕೋಣವಾ?” ಎಂದರೆ ಅವನದು ಒಂದೇ ಮಾತು: “ಇರ್ಲಿ ಬಿಡು.”

ನಮ್ಮ ಮಾತು ಎಂಥ ವಿಚಿತ್ರ ನೋಡಿ. ‘ಇರ್ಲಿ’ ಎಂದರೆ ಇಟ್ಟುಕೋ. ‘ಬಿಡು’ ಎಂದರೆ ಕೈಬಿಡು. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತೇವೆ. ದಿನಕ್ಕೆ ಎಷ್ಟು ಸಲ ಹೇಳುತ್ತೇವೆ? ಹೇಳಿದ್ದರಲ್ಲಿ ಪಾಲಿಸುವುದು ಎಷ್ಟು? ಅರ್ಧ! ಮೊದಲಿನ ಅರ್ಧ ಮಾತ್ರ.

ಸಾಹುಕಾರನೂ ಅರ್ಧವನ್ನೇ ಪಾಲಿಸಿದ. ಬಚ್ಚಲಿಗೆ ಹತ್ತಿರವಾಗಿ, ಬೆಳಗಿನ ಬಿಸಿಲು ಬೀಳುವ ಒಂದು ಕೋಣೆ ಅವನ ಮನೆಯಲ್ಲಿತ್ತು. ಹೆಂಡತಿಯ ಸಾಮಾನನ್ನೆಲ್ಲ ತಂದು ಅಲ್ಲಿ ಜೋಡಿಸಿದ. ಟ್ರಂಕು, ಬೀರು, ಹೊಲಿಗೆ ಯಂತ್ರ, ಹಪ್ಪಳದ ಮಣೆ, ಒತ್ತುಶ್ಯಾವಿಗೆ ಒರಳು. ಅವಳು ಮಡಿಸಿಟ್ಟ ಸೀರೆಗಳನ್ನು ಮಾತ್ರ ಯಾರೂ ಮುಟ್ಟುವಂತಿರಲಿಲ್ಲ. ಮಡಿಕೆ ಅವಳ ಕೈಯದು. ಬಿಚ್ಚಿದರೆ ಮತ್ತೆ ಹಾಗೆ ಮಡಿಸುವವರು ಯಾರು? ಹದಿನೈದು ದಿನಕ್ಕೊಮ್ಮೆ ಬೀರುವಿನ ಬಾಗಿಲು ತೆಗೆದು, ಹೊಸ ನುಸಿಗುಳಿಗೆ ಇಟ್ಟು, ಒಂದು ಗಳಿಗೆ ಆ ಮಡಿಕೆಗಳನ್ನು ನೋಡುತ್ತ ನಿಂತು, ಬಾಗಿಲು ಹಾಕುತ್ತಿದ್ದ. ಅವನ ಪೂಜೆ ಅದು. ಅದನ್ನು ನಾನು ಹಂಗಿಸುವುದಿಲ್ಲ. ನೀವೂ ಹಂಗಿಸಬೇಡಿ.

ಹೀಗಿರುವಾಗ ಮಗಳಿಗೆ ಏಳು ತುಂಬಿ ಎಂಟನೆಯ ತಿಂಗಳು. ಚೊಚ್ಚಲು. ಚೊಚ್ಚಲ ಬಾಣಂತನ ಎಲ್ಲಾಗಬೇಕು? ತವರಿನಲ್ಲಿ. ಅದನ್ನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಒಂದು ದಿನ ಮಗಳು ತಾನೇ ನೋಡಿಹೋಗಲು ಬಂದಳು. ನೇರವಾಗಿ ಆ ಕೋಣೆಗೇ ನಡೆದಳು. ಬಾಗಿಲಲ್ಲಿ ನಿಂತಳು. ಬೀರುವಿಗೂ ಟ್ರಂಕಿಗೂ ನಡುವೆ ಒಂದು ಗೇಣು ದಾರಿ. ತುಂಬಿದ ಹೊಟ್ಟೆ. ಓರೆಯಾಗಿ ನಿಂತು ನೋಡಿದಳು, ಆಗಲಿಲ್ಲ. ಮತ್ತೊಂದು ಕಡೆ ತಿರುಗಿ ನೋಡಿದಳು, ಆಗಲಿಲ್ಲ.

“ಅಪ್ಪಾಜಿ, ನನ್ನ ಬಾಣಂತನ ಎಲ್ಲಿ ಮಾಡಿಸ್ತೀರಿ?”

“ಪಡಸಾಲೇಲಿ ಮಂಚ ಹಾಕಿಸ್ತೀನಿ ಕಣವ್ವ. ಪರದೆ ಕಟ್ಟಿಸ್ತೀನಿ. ಫ್ಯಾನ್ ಇದೆ...”

“ಗಿರಣಿಯೋರು ಒಳಗೆ ಹೊರಗೆ ಓಡಾಡೋ ಪಡಸಾಲೇಲಾ?”

ಮಗಳು ಬೀರುವಿನ ಬಾಗಿಲನ್ನು ಒಮ್ಮೆ ಸವರಿದಳು. ಅವಳಿಗೂ ಅದು ಅಮ್ಮನ ಬೀರು ತಾನೇ?

“ಇರ್ಲಿ ಬಿಡಿ ಅಪ್ಪಾಜಿ,” ಎಂದಳು. “ಅತ್ತೆ ಮನೇಲೇ ಮಾಡ್ಕೋತೀನಿ. ಅಮ್ಮನ ಜಾಗ ಯಾಕೆ ಕದಲಿಸ್ತೀರಿ. ‘ತಾಯಿ ಹೋದ್ಮೇಲೆ ನಿಂಗೆ ತೌರೆಲ್ಲಿ ಬಂತು’ ಅಂತ ಅತ್ತೆ ಹೆಂಗೂ ಅಂತಿರ್ತಾರೆ. ಇನ್ನೊಂದು ಸಲ ಅಂತಾರೆ, ಅಷ್ಟೇ.”

ಕೋಪ ಮಾಡಿಕೊಂಡು ಹೇಳಿದ್ದರೆ ಅವನೂ ಕೋಪದಿಂದ ಏನಾದರೂ ಅಂದುಬಿಡುತ್ತಿದ್ದ. ಅವಳು ನಗುತ್ತ ಹೇಳಿದಳು. ಕಾಫಿ ಕುಡಿದು, ಲೋಟ ತೊಳೆದಿಟ್ಟು, ಹೊರಟುಹೋದಳು. ಬಂದವಳು ನೆಂಟರ ಹಾಗೆ ಲೋಟ ತೊಳೆದಿಟ್ಟು ಹೋದಳು. ಸಾಹುಕಾರ ಬಚ್ಚಲಕಟ್ಟೆಯ ಮೇಲೆ ಕವುಚಿಟ್ಟ ಆ ಲೋಟವನ್ನೇ ನೋಡುತ್ತ ನಿಂತ. ನಾಲ್ಕು ವರ್ಷ ಹೆಂಡತಿಯನ್ನು ಕಾಯ್ದುಕೊಂಡೆ ಅಂದುಕೊಂಡಿದ್ದವನಿಗೆ, ಮಗಳು ಕೈತಪ್ಪುತ್ತಿದ್ದಾಳೆ ಎಂದು ಆ ಗಳಿಗೆಯಲ್ಲಿ ಗೊತ್ತಾಯಿತು.

ಮರುದಿನವೇ ಓಬಕ್ಕನಿಗೆ ಹೇಳಿಕಳಿಸಿದ. ಓಬಕ್ಕ ಎಂದರೆ ಆ ಪೇಟೆಯಲ್ಲಿ ಬಾಣಂತಿಯರಿಗೂ ಕೂಸುಗಳಿಗೂ ನೀರು ಹಾಕುವ ಮುದುಕಿ. ಅರ್ಧ ಪೇಟೆಯನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆದವಳು. ಅಂಥವರಿಗೆ ಸಾಹುಕಾರ ಎಂದರೇನು, ಯಾರಾದರೇನು? ಕೋಣೆ ನೋಡಿ ಸೊಂಟದ ಮೇಲೆ ಕೈ ಇಟ್ಟಳು.

“ಏನ್ ಸಾವ್ಕಾರ್ರೇ, ಬಾಣಂತಿ ಕ್ವಾಣೆ ಅಂದ್ರಿ. ಗೋಡೌನ್ ತೋರಿಸ್ತಿದೀರಲ್ಲ! ಕೂಸನ್ನ ಶ್ಯಾವಿಗೆ ಒಳ್ಳಾಗೆ ಮಲಗಿಸ್ಬೇಕಾ?”

“ಖಾಲಿ ಮಾಡಿಸ್ತೀನಿ ಓಬಕ್ಕ. ಏನೇನು ಬೇಕು ಹೇಳು, ತರಿಸ್ತೀನಿ.”

“ತರಿಸಾದೇನು? ಮನ್ಯಾಗಿರೋ ಹಳೇ ಹತ್ತಿ ಸೀರೆ ಕೊಡ್ರಿ. ಬಾಣಂತಿ ಹೊಟ್ಟೆ ಕಟ್ಟಾಕೆ ಬೇಕು, ಕೂಸು ಸುತ್ತಾಕೆ ಬೇಕು.”

“ಹಳೇದ್ಯಾಕೆ? ಹೊಸ ಬಟ್ಟೇನೇ ಥಾನುಗಟ್ಟಲೆ ತರಿಸ್ತೀನಿ.”

“ಅಯ್ಯ ನಿಮ್ಮ! ಇಷ್ಟು ವಯಸ್ಸಾತು, ಹಸುಗೂಸಿಗೆ ಹೊಸ ಬಟ್ಟೆ ಹಾಕಬಾರ್ದು ಅಂತ ಗೊತ್ತಿಲ್ವಾ? ಯಾರಾದ್ರೂ ಉಟ್ಟಿರಬೇಕು, ನೂರು ಸಲ ಒಗ್ದಿರಬೇಕು, ಬೆಣ್ಣೆ ಹಂಗಾಗಿರಬೇಕು. ಅಂಗಡ್ಯಾಗೆ ಅದನ್ನ ಮಾರ್ತಾರಾ? ಮಾರಿದ್ರೆ ತನ್ರಿ ಹೋಗ್ರಿ!”

ಯೋಚನೆ ಮಾಡಿ. ಲಕ್ಷಾಂತರದ ಗಿರಣಿ ಇರುವವನು. ಆದರೂ ಈ ಒಂದು ವಸ್ತುವನ್ನು ಅವನು ಕೊಳ್ಳಲಾರ. ಅದು ಎಲ್ಲಿದೆ? ಅವನೇ ಬೀಗ ಹಾಕಿದ ಬೀರುವಿನಲ್ಲಿದೆ.

ಬೀರು ತೆಗೆದ. ಮೇಲಿನ ಅರೆಯಲ್ಲಿ ರೇಷ್ಮೆ ಸೀರೆಗಳು, ಎಲ್ಲದರ ಮೇಲೆ ಅವಳ ಧಾರೆ ಸೀರೆ. ಹತ್ತಿ ಸೀರೆಗಳು ಕೆಳಗಿನ ಅರೆಯಲ್ಲಿ. ಓಬಕ್ಕನಿಗೆ ಬೇಕಾದದ್ದು ಕೆಳಗಿನವು. ಆದರೆ ಆ ಧಾರೆ ಸೀರೆ ನೋಡಿದರೆ ಯಾವ ಹೆಂಗಸು ಸುಮ್ಮನಿದ್ದಾಳು? “ಅಮ್ಮಾರ ಸೀರೆ, ಒಂದ್ಸಲ ಕಣ್ಣಾಗೆ ನೋಡ್ತೀನಿ” ಎಂದು, ಅವನು ಬೇಡ ಎನ್ನುವಷ್ಟರಲ್ಲಿ ಎತ್ತಿ ಬಿಚ್ಚಿಯೇಬಿಟ್ಟಳು.

ಪರ್ರ್ ಎಂದಿತು.

ಎಲ್ಲಿ ಹರಿಯಿತು? ಮಡಿಕೆಯಲ್ಲೇ! ಅವನು ನಾಲ್ಕು ವರ್ಷ ಕಾಪಾಡಿದ ಮಡಿಕೆಯ ಗೆರೆಯಲ್ಲೇ. ಓಬಕ್ಕ ಇನ್ನೊಂದು ಪದರ ಬಿಚ್ಚಿದಳು, ಅಲ್ಲೂ ಸೀಳು. ಜರಿ ಪುಡಿಪುಡಿಯಾಗಿ ಅವಳ ಅಂಗೈಗೆ ಉದುರಿತು.

“ಎಷ್ಟು ದಿನ ಆಗಿತ್ತು ಬಿಚ್ಚಿ?”

“ಬಿಚ್ಚೇ ಇಲ್ಲ. ಅವಳು ಮಡಿಸಿದ್ದು ಹಂಗೇ ಇರ್ಲಿ ಅಂತ...”

ಬಾಯಿಜೋರಿನ ಓಬಕ್ಕ ಈ ಸಲ ಹಂಗಿಸಲಿಲ್ಲ. ಮೆಲ್ಲಗೆ ಹೇಳಿದಳು: “ರೇಷ್ಮೆನ ಆರು ತಿಂಗಳಿಗೊಂದ್ಸಲ ಬಿಚ್ಚಿ, ಗಾಳಿಗೆ ಹಾಕಿ, ಬ್ಯಾರೆ ಕಡೀಗೆ ಮಡಿಸಬೇಕು ಸಾವ್ಕಾರ್ರೇ. ಒಂದೇ ಮಡಿಕ್ಯಾಗಿದ್ರೆ ಮಡಿಕ್ಯಾಗೇ ಸಾಯ್ತೈತಿ. ನೀವು ಗಂಡಸ್ರು, ನಿಮಗ್ಯಾರು ಹೇಳಿಕೊಡ್ಬೇಕು.”

ಸಾಹುಕಾರ ಟ್ರಂಕಿನ ಮೇಲೆ ಕೂತ. ಸೀರೆಯ ತುದಿ ಮುಖಕ್ಕೆ ಒತ್ತಿಕೊಂಡ. ಅವಳ ವಾಸನೆ ಹುಡುಕಿದ. ಏನಿತ್ತು? ನುಸಿಗುಳಿಗೆಯ ವಾಸನೆ. ಅಷ್ಟೇ.

ಅವನೆಷ್ಟು ಹೊತ್ತು ಅತ್ತನೋ, ಅಷ್ಟು ಹೊತ್ತೂ ಓಬಕ್ಕ ಕಾದಳು. ಆಮೇಲೆ ಕೆಳಗಿನ ಅರೆಯಿಂದ ಒಂದು ಹತ್ತಿ ಸೀರೆ ತೆಗೆದಳು. ಬೂದು ಬಣ್ಣ, ಸಣ್ಣ ಹಳದಿ ಚುಕ್ಕೆ. ಅವನ ಹೆಂಡತಿ ಅಡಿಗೆಮನೆಯಲ್ಲಿ ಉಡುತ್ತಿದ್ದ ದಿನದ ಸೀರೆ. ಒಗೆದು ಒಗೆದು ಚುಕ್ಕೆ ಮಾಸಿತ್ತು.

“ಇದು ನೋಡ್ರಿ ಸೀರೆ ಅಂದ್ರೆ. ಹರೀರಿ.”

“ನಾನಾ?”

“ಮತ್ಯಾರು? ನಾನು ಹರಿದ್ರೆ ನಾಳೆ ‘ಓಬಕ್ಕ ನನ್ನ ಹೆಂಡ್ತಿ ಸೀರೆ ಹರಿದ್ಲು’ ಅಂತ ಪ್ಯಾಟೆ ತುಂಬ ಹೇಳ್ಕಂಡು ಬರ್ತೀರಿ. ಹರೀರಿ ಅಂದ್ರೆ!”

ಅವನ ಕೈ ಏಳಲಿಲ್ಲ. ಆಗ ಓಬಕ್ಕ ಹೇಳಿದಳು: “ನಿಮ್ಮ ಮಗಳು ದಾಕ್ಷಾಯಿಣವ್ವ ಹುಟ್ಟಿದಾಗ ಇದೇ ಕ್ವಾಣ್ಯಾಗೆ ಅಮ್ಮಾರು ಅವರವ್ವನ ಸೀರೆ ಹರಿದ್ರು. ಅವರವ್ವ ತೀರಿಕೊಂಡು ಆಗಿನ್ನೂ ವರ್ಷ ಆಗಿರಲಿಲ್ಲ. ನಾನೇ ಮುಂದೆ ಕುಂತಿದ್ದೆ. ‘ಅವ್ವ ಒಬ್ಳೇ ಇದ್ಲು, ಈಗ ಹನ್ನೆರಡು ತುಂಡು ಆದ್ಲು ನೋಡೇ ಓಬಕ್ಕ’ ಅಂತ ನಕ್ಕಂಡೇ ಹರಿದ್ರು. ಕಣ್ಣಾಗೆ ನೀರು ಇತ್ತಪ್ಪ, ಇರಲಿಲ್ಲ ಅನ್ನಲ್ಲ. ಕೈ ಮಾತ್ರ ನಿಲ್ಲಲಿಲ್ಲ.”

ಈ ಮಾತು ಅವನಿಗೆ ಗೊತ್ತೇ ಇರಲಿಲ್ಲ. ಅವಳ ಕನ್ನಡಕ, ಚಪ್ಪಲಿ ಎಲ್ಲ ಬಚ್ಚಿಟ್ಟಿದ್ದವನಿಗೆ ಅವಳದೇ ಈ ಮಾತು ಗೊತ್ತಿರಲಿಲ್ಲ! ಸೀರೆಯ ಅಂಚನ್ನು ಹಲ್ಲಿನಿಂದ ಕಚ್ಚಿದ. ಎರಡೂ ಕೈಯಲ್ಲಿ ಹಿಡಿದು ಎಳೆದ.

ಮೂರು ದಿನದಲ್ಲಿ ಕೋಣೆ ಖಾಲಿಯಾಯಿತು. ಹೊಲಿಗೆ ಯಂತ್ರ ಹೊಲಿಗೆ ಕಲಿಯುತ್ತಿದ್ದ ಪಕ್ಕದ ಬೀದಿಯ ಹೆಣ್ಣುಮಗಳಿಗೆ ಹೋಯಿತು. ಶ್ಯಾವಿಗೆ ಒರಳು ಓಬಕ್ಕನ ಮನೆಗೆ. ಕೇಳಿ ಪಡೆದಳು ಅವಳು, ಸಂಕೋಚವಿಲ್ಲದೆ. ಮಾತ್ರೆ ಪಟ್ಟಿ ಕಸಕ್ಕೆ ಹೋಯಿತು. ಎಲ್ಲವನ್ನೂ ಕೊಟ್ಟನೇ? ಇಲ್ಲ. ಕನ್ನಡಕ ಇಟ್ಟುಕೊಂಡ. ಹೆಪ್ಪಿನ ಚೀಟಿ ಇದ್ದಲ್ಲೇ ಇತ್ತು. ನಾಲ್ಕನೆಯ ದಿನ ಹೂವು ಹಣ್ಣು ಹಿಡಿದು ತಾನೇ ಬೀಗರ ಮನೆಗೆ ಹೋದ. “ಕೋಣೆ ಖಾಲಿ ಆಯ್ತು ಕಣವ್ವ, ನಡಿ ಮನೆಗೆ” ಎಂದ. ಮಗಳು ಆಗಲೇ ಬ್ಯಾಗು ತೆಗೆದುಕೊಳ್ಳಲು ಒಳಗೆ ಹೋಗಿದ್ದಳು.

ಹೆಣ್ಣು ಕೂಸು ಹುಟ್ಟಿತು. ಅಜ್ಜನ ತೊಡೆ ಮೇಲೆ ಮೊದಲ ಸಲ ಮಲಗಿಸಿದಾಗ ಆ ಕೂಸು ಏನು ಮಾಡಿತು? ಕೂಸುಗಳು ಏನು ಮಾಡುತ್ತವೋ ಅದನ್ನೇ ಮಾಡಿತು! ಬೂದು ಸೀರೆಯ ತುಂಡು ಒದ್ದೆ, ಅಜ್ಜನ ಪಂಚೆ ಒದ್ದೆ. ಓಬಕ್ಕ ಬಿದ್ದೂ ಬಿದ್ದೂ ನಕ್ಕಳು. ಹಿತ್ತಿಲಿನ ಹಗ್ಗದ ಮೇಲೆ ಉಳಿದ ಹನ್ನೊಂದು ತುಂಡು ಬಿಸಿಲಿಗೆ ಹಾರಾಡುತ್ತಿದ್ದವು. ನಾಲ್ಕು ವರ್ಷ ಒಂದು ಹನಿ ನೀರು ಕಾಣದೆ ಬೀಗದಲ್ಲಿದ್ದ ಸೀರೆ ಈಗ ದಿನಕ್ಕೆ ಒಂಬತ್ತು ಸಲ ನೆನೆಯುತ್ತಿತ್ತು, ಒಗೆಸಿಕೊಳ್ಳುತ್ತಿತ್ತು, ಒಣಗಿ ಮತ್ತೆ ಕೂಸಿನ ಮೈಗೆ ಬರುತ್ತಿತ್ತು.

ತಾಯಂದಿರೇ, ಅಣ್ಣಂದಿರೇ, ಕಥೆ ಮುಗಿಯಿತು. ಈಗ ನಮ್ಮ ನಿಮ್ಮ ಮಾತಿಗೆ ಬರೋಣ.

ಜಾಡಿಯ ಬಗ್ಗೆ ಕೇಳಿದ ತಾಯಿ ಎಲ್ಲಿ ಕೂತಿದ್ದಾರೋ, ಅಮ್ಮಾ, ನಿಮ್ಮ ಮೋಹ ತಪ್ಪಲ್ಲ. ನೆನಪು ಪಾಪವಲ್ಲ. ಸಾಹುಕಾರ ಹೆಂಡತಿಯನ್ನು ಪ್ರೀತಿಸಿದ್ದು ತಪ್ಪಾ? ಅಲ್ಲ. ಅವಳ ಸಾಮಾನಿನಿಂದ ಮಗಳ ದಾರಿ ಕಟ್ಟಿತಲ್ಲ, ಅಲ್ಲಿ ತಪ್ಪಿತು. ಒಂದು ವಸ್ತು ಇಟ್ಟುಕೊಳ್ಳಬೇಕೋ ಬೇಡವೋ ಎಂದು ನಿಮ್ಮ ಮನಸ್ಸನ್ನು ಕೇಳಿದರೆ ಅದು ಯಾವಾಗಲೂ ಇರ್ಲಿ ಎನ್ನುತ್ತದೆ. ಹಾಗಾಗಿ ಮನಸ್ಸನ್ನು ಕೇಳಬೇಡಿ. ಈ ವಸ್ತು ಕೂತ ಜಾಗದಲ್ಲಿ ಯಾರು ಕೂರಬೇಕಾಗಿತ್ತು ಎಂದು ಕೇಳಿ. ಯಾರೂ ಇಲ್ಲವೇ? ಸುಖವಾಗಿ ಇಟ್ಟುಕೊಳ್ಳಿ. ಆದರೆ ತೆಗೆದು, ಒರೆಸಿ, ಗಾಳಿಗಿಟ್ಟು, ಉಪ್ಪಿನಕಾಯಿ ಹಾಕಲಾಗದಿದ್ದರೆ ಒಂದು ತುಳಸಿ ಗಿಡವನ್ನಾದರೂ ಹಾಕಿ ಇಟ್ಟುಕೊಳ್ಳಿ.

ಕೊಡುವಾಗಲೂ ಚೀಲಕ್ಕೆ ತುಂಬಿ ಬೀದಿ ತುದಿಯಲ್ಲಿ ಇಟ್ಟು ಬರಬೇಡಿ. ಬೇಕಾದವರ ಕೈಗೆ ಕೊಡಿ. ಇದು ನಮ್ಮಮ್ಮನದು ಎಂದು ಹೇಳಿ ಕೊಡಿ. ಹಳೆಯ ಹತ್ತಿ ಸೀರೆಗಳಿದ್ದರೆ, ನಿಮ್ಮ ಬೀದಿಯಲ್ಲಿ ಯಾರ ಸೊಸೆ ಬಸುರಿ, ಯಾರ ಮಗಳು ಬಾಣಂತಿ, ವಿಚಾರಿಸಿ.

ಇದನ್ನೆಲ್ಲ ನಾಳೆಯೇ ಮಾಡಿಬಿಡುತ್ತೇನೆ ಅನ್ನುತ್ತೀರಿ. ಮಾಡುವುದಿಲ್ಲ! ನನಗೆ ಗೊತ್ತು. ದುಡಿದು ಬಂದ ಮೈ, ಮಕ್ಕಳ ಗಲಾಟೆ, ಅಟ್ಟ ಹತ್ತಿದರೆ ಒಂದು ಫೋಟೋ ಸಿಗುತ್ತದೆ, ಅದನ್ನು ಹಿಡಿದು ಅಲ್ಲೇ ಕೂರುತ್ತೀರಿ. ನನ್ನ ಕಥೆಯೂ ಅದೇ. ಅದಕ್ಕೇ ಒಂದು ಉಪಾಯ ಹೇಳುತ್ತೇನೆ. ಅಟ್ಟಕ್ಕೆ ಕೈ ಹಾಕುವ ಮುಂಚೆ, ನಿಮ್ಮ ಮನೆಯಲ್ಲಿ ಮಲಗಲು ಜಾಗವಿಲ್ಲವೆಂದು ಸಂಜೆ ಬಸ್ಸಿಗೇ ತಿರುಗಿ ಹೋಗುವ ಒಬ್ಬರನ್ನು ನೆನೆಸಿಕೊಳ್ಳಿ. ಅಕ್ಕನೋ, ಭಾವನೋ, ಮದುವೆಯಾದ ಮಗಳೋ. ಇದ್ದೇ ಇರುತ್ತಾರೆ. ಅವರಿಗೆ ಫೋನ್ ಮಾಡಿ. ‘ಮುಂದಿನ ಭಾನುವಾರ ಬನ್ನಿ, ಎರಡು ದಿನ ಇದ್ದು ಹೋಗಿ’ ಎನ್ನಿ. ಹೂಂ ಅನ್ನಿಸಿಕೊಳ್ಳಿ.

ಆಮೇಲೆ ನೋಡಿ, ಶನಿವಾರದ ಹೊತ್ತಿಗೆ ಕೋಣೆ ಹೇಗೆ ಖಾಲಿಯಾಗುತ್ತದೆ ಎಂದು.