ಮೀಸಿ ಮುಟ್ಟಬ್ಯಾಡ

…ಆ ಜೀಪಿನಾಂವ ಹಾರ್ನ್ ಹೊಡದ್ರ ಹೊಡೀಲಿ ಬಿಡು, ಪರಮಾನಂದ ಕಾಕಾ. ಮೊದಲ ನಂದು. ನಾ ಈ ಕುರ್ಚಿ ಬಿಟ್ಟ ಏಳಾಂವಲ್ಲ. ಗೊತ್ತೈತಿ ನನಗ. ಅಗರಖೇಡದ ಬಸಂತರಾಯ ಸಾಹುಕಾರ್ರು ನಸಿಕಿನ್ಯಾಗ ತೀರಕೊಂಡಾರ, ಮಕ್ಕಳ ತಲಿ ಬೋಳಸಾಕ ನಿನ್ನ ಕರಕೊಂಡ ಹೋಗಾಕ ಜೀಪ ಬಂದೈತಿ. ಇಂಡಿ ಊರಿಗೆಲ್ಲಾ ಗೊತ್ತೈತಿ. ಹೋಗುವಂತಿ. ಒಂದ ತಲಿ ಕೆಲಸ, ಆ ಡ್ರೈವರ ಒಂದ ಚಾ ಕುಡಿಯೂದರಾಗ ಮುಗೀತೈತಿ.

ಯಾಕ ಬೋಳಸಾಕತ್ತೇನಂದ್ರ… ನಗಬ್ಯಾಡ. ಹೀರೋ ಜಯಸಾಗರ ಹೋದ್ರಲ್ಲ, ಅವರ ಸಲುವಾಗಿ. ಬಸ್ ಸ್ಟ್ಯಾಂಡ ಮುಂದ ದೊಡ್ಡ ಫ್ಲೆಕ್ಸ್ ಹಚ್ಚ್ಯಾರ, ಅದರ ಕೆಳಗ ಕುಂತ ಹುಡುಗೂರೆಲ್ಲಾ ಬೋಳಸ್ಕೊಂಡಾರ. ನೀನ ಬೋಳಸಿದ್ದಿ.

ಹಾಂ, ಅದು ಮೊನ್ನಿ ಆತು. ಹೌದು. ಮೊನ್ನಿ ನಾ ಊರಾಗ ಎಲ್ಲಿದ್ದೆ? ಲಿಂಬಿ ಗಾಡಿ ತಗೊಂಡ ಮುದ್ದೇಬಿಹಾಳಕ್ಕ ಹೋಗಿದ್ದೆ, ಅಲ್ಲಿಂದ ಬಾಗೇವಾಡಿ, ಸಿಂದಗಿ. ನನ್ನ ಕಾಲಾಗ ಚಕ್ರಾ ಐತಿ, ನಿನಗ ಗೊತ್ತಿಲ್ಲೇನು? ಇವತ್ತ ಬಂದೇನಿ, ಅದಕ್ಕ ಇವತ್ತ. ಕನ್ನಡಿಯಾಗ ಹಂಗ ನೋಡಬ್ಯಾಡ. ನೀರ ಹಚ್ಚು.

ಮೀಸಿ ಮಾತ್ರ ಮುಟ್ಟಬ್ಯಾಡ. ಆ ಹುಡುಗೂರದೂ ಬಿಟ್ಟಿದ್ದಿ, ಹೌದಿಲ್ಲೋ? ಮೀಸಿ ತಗಿಯೂದು ಸ್ವಂತ ಅಪ್ಪ ಸತ್ತಾಗ. ಹೀರೋಗ ತಲಿ ಸಾಕು.

ಮತ್ತ… ಆ ಕತ್ತಿ ಬ್ಯಾಡ. ಸಂಚಿಯಾಗ ಕಟ್ಟಿ ಇಟ್ಟೀಯಲ್ಲ, ಅಗರಖೇಡಕ್ಕ ಒಯ್ಯೂದು, ಅದರಲೇ ಮಾಡು. ಸುಮ್ನ ಅಂದೆ, ಚಲೋ ಹರಿತ ಇರ್ತೈತಿ ಅಂತ. ದೊಡ್ಡ ಮನಿ ಕೆಲಸಕ್ಕ ಚಲೋ ಹರಿತ ಮಾಡಿರ್ತಿ ನೀ. ಅಲ್ಲಿ ದೊಡ್ಡ ಮಗಂದ ಮೊದಲ ಬೋಳಸ್ತಿ, ಆಮ್ಯಾಗ ಉಳದವರದು, ಹೌದೇನು? ಅನೀಲಕುಮಾರಂದ ಮೊದಲ? ಕಾದ್ರ ಕಾಯಲಿ ಬಿಡು. ನನಗಿಂತ ಸಣ್ಣಾಂವ ಅವ. ವಯಸ್ಸಿನ್ಯಾಗ ಅಂದೆ, ಕಾಕಾ. ವಯಸ್ಸಿನ್ಯಾಗ.

ಹೂಂ… ಹಂಗ. ಮೆತ್ತಗ ಹಿಡಿ.

ನಿನಗ ಇದೆಲ್ಲಾ ಹುಚ್ಚತನ ಅನಸ್ತೈತಿ, ಮಾರಿ ನೋಡಿದ್ರ ಗೊತ್ತಾಗತೈತಿ. ಎಂದೂ ಮಾತಾಡಸಲಾರದ ಮನಷ್ಯಾ ಸತ್ತರ ಇವ ಯಾಕ ಅಳ್ತಾನ ಅಂತಿ. ಕೇಳ ಇಲ್ಲೆ. ನಾ ಸಾಲಿ ಬಿಟ್ಟಾಗಿಂದ ಟಾಕೀಸಿನ್ಯಾಗ ಪಡದೇದ ಮುಂದ ಕುಂತ ಬೆಳದಾಂವ. ಪಿಕ್ಚರದಾಗ ಅವರು ಮಗನ ಹೆಗಲ ಮ್ಯಾಲ ಕೈ ಇಟ್ರ ನನ್ನ ಹೆಗಲ ಭಾರ ಆಗತಿತ್ತು. ನನ್ನ ಹೆಸರ ಅವರಿಗೆ ಗೊತ್ತಿಲ್ಲ. ಅವರದ ನನಗ ಎಲ್ಲಾ ಗೊತ್ತು. ಹೆಂಗ ಕೆಮ್ಮತಾರ, ರುಮಾಲ ಹೆಂಗ ಝಾಡಿಸಿ ಸುತ್ತತಾರ… ಎಡಗೈಲೆ ಬಸಿ ಹಿಡದ ಚಾ ಕುಡೀತಾರ, ಕುಡದ ಮ್ಯಾಲ ಆ ಬಸಿ ಕಟ್ಟಿ ಮ್ಯಾಲ ಬೋರಲ ಹಾಕ್ತಾರ…

ಯಾವ ಪಿಕ್ಚರದಾಗಂದ್ರ? ಯಾವುದೋ ಒಂದರಾಗ. ನೀ ಎಲ್ಲಾ ನೋಡೀಯೇನು? ಬೋಳಸು.

ಸ್ವಂತದವರು ಸತ್ರ ಮಂದಿ ಹೇಳಕೋತ ಅಳ್ತಾರ, ಹಿಂಗ ನೋಡ್ಕೊಂಡ್ಯೋ, ಹಂಗ ನೋಡ್ಕೊಂಡ್ಯೋ ಅಂತ. ನನ್ನಂಥವರಿಗೆ ಹೇಳಾಕ ಏನೈತಿ? ಏನೂ ಇಲ್ಲ. ಆದ್ರ ಒಳಗ ಒಂದ ಇರ್ತೈತಿ ನೋಡು. ಒಂದಿವ್ಸ ಇತ್ತಾಗ ತಿರುಗಿ ನೋಡ್ಯಾರು, ಯಾರಪಾ ನೀ ಅಂದಾರು… ಅಷ್ಟ. ಮನಷ್ಯಾ ಸತ್ತ ದಿವಸ ಅದೂ ಸಾಯ್ತೈತಿ. ಅದಕ್ಕ ಅಳೂದು. ಅವರು ತಿರುಗಿ ನೋಡಿದ ಮಂದಿಗಿಂತ, ತಿರುಗಿ ನೋಡಲಾರದ ಮಂದಿಗೆ ಹೆಚ್ಚಿಂದ ಆ ಅಳು.

ಏ ಫಿರೋಜ, ಬಾಗಿಲದಾಗ ನಿಂತ ವಾಚ್ ತೋರಸಬ್ಯಾಡೋ. ಅರ್ಧ ತಲಿ ಆಗೇತಿ, ಹಿಂಗ ಎದ್ದ ಹೋಗಲೇನು? ಹೋಗಿ ಜೀಪಿನ್ಯಾಗ ಕುಂಡ್ರು, ಬರ್ತಾರ.

…ಕಾಕಾ? ಕೈ ಯಾಕ ನಿಂತತು?

ನೆತ್ತಿ ಮ್ಯಾಲ ಏನೈತಿ? ಓ, ಅದಾ. ಸುಳಿ. ಎರಡ ಅದಾವ. ಎರಡ ಮದುವಿ ಆಗ್ತಾವ ಇವಗ ಅಂತ ಓಣಿ ಹೆಂಗಸರೆಲ್ಲಾ ನಗತಿದ್ರು. ಒಂದೂ ಆಗಲಿಲ್ಲ. ನಗು, ಕಾಕಾ. ಆಗಿಂದ ನಗಬ್ಯಾಡ ಅಂದ್ರ ನಗತಿದ್ದಿ, ಈಗ ನಗು ಅಂದ್ರ ಒಲ್ಲಿ.

ಬೆರಳ ತಗಿ ಅಲ್ಲಿಂದ. ಒಂದು ಇತ್ತಾಗ, ಒಂದು ಅತ್ತಾಗ ತಿರಗ್ಯಾವ, ಅದರಾಗೇನ ವಿಶೇಷ? ಬೇಕಾದಷ್ಟ ಮಂದಿಗೆ ಇರ್ತಾವ. ನೀ ಯಾರ ತಲಿ ಮ್ಯಾಲ ನೋಡೀದಿ ಅಂತ ನಾ ಕೇಳಿಲ್ಲ. ನೀನೂ ಹೇಳಬ್ಯಾಡ.

ಏನರ ಮಾತಾಡು. ಬೈಯಿ. ಸುಂದರವ್ವನ ಮಗಗ ತಲಿ ಕೆಟ್ಟೈತಿ ಅನ್ನು… ನಮ್ಮವ್ವನ ಹೆಸರ ಕೇಳಿ ಯಾಕ ಕೆಳಗ ನೋಡಾಕತ್ತಿ? ಸಾಹುಕಾರ್ರ ತ್ವಾಟಕ್ಕ ಲಿಂಬಿ ಆರಸಾಕ ಹೋಗತಿದ್ದಳು, ಖರೆ. ಹತ್ತ ಹೆಂಗಸರ ಹೋಗತಿದ್ರು. ಲಿಂಬಿ ತುಂಬಾಕ ನಾನೂ ಗಾಡಿ ಒಯ್ದ ಆ ಕಟ್ಟಿ ಮುಂದ ನಿಂದರಸತಿದ್ದೆ. ಅದಕ್ಕೂ ಹೀರೋಗೂ ಏನ ಸಂಬಂಧ?

ನಾ ಅಗರಖೇಡಕ್ಕ ಬರಾಂವಲ್ಲ. ಹೆದರಬ್ಯಾಡ, ಗದ್ಲಾ ಮಾಡಾಂವಲ್ಲ. ಯಾಂವ ಕರದಾನ ನನ್ನ? ಫ್ಲೆಕ್ಸಿನ ಕೆಳಗ ಹೋಗಿ ಕುಂಡ್ರತೇನಿ. ಅಲ್ಲಿ ಎಲ್ಲಾರೂ ಅಳ್ತಿರ್ತಾರ. ಯಾರಿಗೆ ಅಳಾಕತ್ತೀಯೋ ಅಂತ ಒಬ್ಬನೂ ಕೇಳಂಗಿಲ್ಲ.

ಆತಲ್ಲ? ಮುಗೀತು. ಬಿಚ್ಚು ಈ ಅರಬಿ. ಹೋಗು, ಅನೀಲಕುಮಾರ ಕಾಯಾಕತ್ತಿರ್ತಾನ…

ಮತ್ತ ಯಾಕ ನೀರ ತಗೊಂಡಿ?

ಕಾಕಾ, ತಲಿ ಆತು.

ಮೀಸಿ ಮುಟ್ಟಬ್ಯಾಡ ಅಂದಿದ್ದೆ ನಾ. ಆಗ ಹೇಳಿದ್ದೆ ನಿನಗ…

…ಥಣ್ಣಗ ಐತಿ ನೀರು.

ಫಿರೋಜ. ಹಾರ್ನ್ ಹೊಡೀಬ್ಯಾಡಪಾ. ದೊಡ್ಡ ಮಗಂದ ನಡದೈತಿ.