ಕಾಗದದಲ್ಲಿ ಅಕ್ಕ

ನಮ್ಮ ದ್ವೀಪದೇಶದ ರಾಜಧಾನಿ ನುಕುಅಲೋಫಾದ ಪಾಸ್‌ಪೋರ್ಟ್ ಕಚೇರಿಯ ಸಾಲಿನಲ್ಲಿ ನನ್ನ ಮುಂದೆ ತಾಯಿ, ಮಗಳು ನಿಂತಿದ್ದರು. ತಾಯಿ ಸೊಂಟಕ್ಕೆ ಚಾಪೆ ಬಿಗಿದುಕೊಂಡಿದ್ದಳು. ಸರ್ಕಾರದ ಮುಂದೆ ಮರ್ಯಾದೆಗೆ ಅದನ್ನುಟ್ಟೇ ಬರಬೇಕಲ್ಲ.

“ಶುಕ್ರವಾರ ಹಡಗು ಹೊರಟೇಬಿಡುತ್ತೆ. ಇಡೀ ಕ್ಲಾಸು ಓದೋಕೆ ನ್ಯೂಜಿಲೆಂಡಿಗೆ ಹೋಗುತ್ತೆ, ನಾನೊಬ್ಬಳು ದಡದಲ್ಲಿ ಕೈಬೀಸ್ತಾ ನಿಲ್ತೀನಿ.”

“ಸುಮ್ನಿರೇ ಲೋಸಾ. ಮೂರನೇ ಸಲ ಬಂದಿದೀನಿ, ಕಾಲು ಸೋತುಹೋಗಿದೆ.”

“ನಿನ್ನ ಸಹಿ ಯಾಕೆ ಆಗಲ್ವಂತೆ?”

“ಹುಟ್ಟಿದ ದಾಖಲೇಲಿ ನಿನ್ನಮ್ಮ ಅಂದ್ರೆ ಅಜ್ಜಿ. ಮೊದಲ ಮೊಮ್ಮಗಳು ತನಗೇ ಅಂತ ತನ್ನ ಹೆಸರಿಗೆ ಬರೆಸ್ಕೊಂಡ್ಳು. ನಮ್ಮಲ್ಲಿ ಯಾರು ಬೇಡ ಅಂತಾರೆ?”

“ಹಾಗಾದ್ರೆ ನೀನ್ಯಾರು?”

“ಅಕ್ಕ. ಅಜ್ಜಿ ತನ್ನ ದ್ವೀಪದಿಂದ ಸಹಿ ಹಾಕಿ ಕಳಿಸಿದ ಕಾಗದ ಇವತ್ತಿನ ದೋಣೀಲಿ ಬಂತು. ಕಿಟಕಿ ಹತ್ರ ಅಮ್ಮ ಅಂದ್ಬಿಟ್ಟೀಯ, ಮತ್ತೆ ಮೊದಲಿಂದ ಶುರು.”

“ಹದಿನೈದು ವರ್ಷ ಕರೆದಿದ್ದು ಬಾಯಿಗೆ ಬಂದೇ ಬರುತ್ತೆ.”

“ನುಂಗ್ಕೋ.”

ಸರದಿ ಬಂತು. ಕಿಟಕಿಯವನು ಕೇಳಿದ, “ಜೊತೆಗೆ ಬಂದಿರೋದು ಯಾರು?”

“ನಮ್ಮಕ್ಕ,” ಎಂದಳು ಹುಡುಗಿ, ಒಂದಿಷ್ಟೂ ತಡವರಿಸದೆ.

ಮುದ್ರೆ ಬಿತ್ತು. ಗುರುವಾರ ಬನ್ನಿ ಎಂದ.

ಬಾಗಿಲ ಕಡೆ ನಡೆಯುತ್ತ ತಾಯಿ ಚಾಪೆಯನ್ನು ಸಡಿಲಿಸಿಕೊಂಡಳು.

“ಸರಿಯಾಗಿ ಹೇಳಿದ್ನಾ, ಅಮ್ಮ?”

“ಹೇಳಿದೆ. ಸ್ವಲ್ಪ ತಡವರಿಸಬಹುದಿತ್ತು.”